ಮೋನಮ್ಮನ ದುರ್ಬೀನ್ ಆಪರೇಷನ್

ಡಾಕ್ಟರಮ್ಮ ಹಿಂದಿನ ಸಲವೇ ಬೆರಳು ಮಡಚಿ ಮಡಚಿ ಹೇಳಿದ್ದಳು. ರಾತ್ರಿ ಊಟವಾದ ಮೇಲೆ ಹನಿ ನೀರೂ ಬಾಯಿಗೆ ಬೀಳಬಾರದು. ಓಲೆಯಿಂದ ಹಿಡಿದು ಕಾಲುಂಗುರದವರೆಗೆ ಮೈಮೇಲೆ ಏನೂ ಇರಬಾರದು. ಬೆಳಗ್ಗೆ ಹತ್ತಕ್ಕೆ ಜಹೀರಾಬಾದಿನ ದವಾಖಾನೆಯಲ್ಲಿರಬೇಕು. ಮೊದಲೆರಡು ಹೇಗೋ ಆಗುತ್ತಿದ್ದವು. ಮೂರನೆಯದು ಹೇಳಿದಷ್ಟು ಸುಲಭವೇ? ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಮುಷ್ಕರ ಶುರುವಾಗಿ ಮೂರು ವಾರ, ನಾರಾಯಣಖೇಡದ ಡಿಪೋದಿಂದ ಒಂದು ಬಸ್ಸೂ ಹೊರಬಿದ್ದಿರಲಿಲ್ಲ.

ಶಕುಂತಲಾಬಾಯಿ ಅಂಜುವ ಹೆಣ್ಣಲ್ಲ. ಮೈದುನ ಶಿವಾಜಿಯ ಹೆಂಡತಿ ಮೋನಮ್ಮನನ್ನು ಒಂದು ಜೀಪಿನಲ್ಲಿ ಉದ್ದಿನ ಚೀಲಗಳ ನಡುವೆ ಕೂರಿಸಿಕೊಂಡು ನಸುಕಿಗೇ ಹೊರಟಳು. ಅರ್ಧ ದಾರಿಗೆ ರಸ್ತೆ ಬಂದ್. ನಡು ಡಾಂಬರಿನ ಮೇಲೆ ಒಲೆ ಹೂಡಿ ಜನ ಅಡುಗೆ ಮಾಡುತ್ತಿದ್ದರು. ಹೋರಾಟದ ಅಡುಗೆ ಅದು. ಉಂಡು, ಜೈ ತೆಲಂಗಾಣ ಎಂದವರಿಗೆ ಮಾತ್ರ ಮುಂದಿನ ದಾರಿ.

"ಉಣ್ಣದ ಹೋಗಾಂಗಿಲ್ರೀ ಅಕ್ಕಾ," ಎಂದು ಒಬ್ಬ ಎಲೆ ಹಿಡಿದು ಜೀಪಿನೊಳಗೇ ತಲೆ ತೂರಿಸಿದ.

"ಅಕಿ ಹೊಟ್ಟಿ ಖಾಲಿ ಇರಬೇಕಪ್ಪಾ. ದುರ್ಬೀನ್ ಹಾಕಿ ನೋಡವರಿದ್ದಾರ. ಅಕಿ ಪಾಲಿಂದೂ ನಾನೇ ತಿಂತೀನಿ, ತೊಗೊಂಬಾ," ಎಂದಳು ಶಕುಂತಲಾಬಾಯಿ. ಹೇಳಿದಂತೆ ಎರಡು ಎಲೆ ಅನ್ನ ತಿಂದಳು, ಎರಡು ಸಲ ಜೈ ಅಂದಳು. ಮೋನಮ್ಮ ನಗುತ್ತಿದ್ದಳು, ಆದರೆ ಅವಳ ಕೈ ಮಂಜಿನಂತೆ ತಣ್ಣಗಿತ್ತು.

ತಣ್ಣಗಾಗದೆ ಏನು? ಮದುವೆಯಾಗಿ ಹತ್ತು ವರ್ಷ. ಮೊದಲ ಬಸಿರು ಮೂರು ತಿಂಗಳಿಗೆ ಜಾರಿಹೋಗಿತ್ತು, ಆಮೇಲೆ ಹೊಟ್ಟೆ ನಿಲ್ಲಲೇ ಇಲ್ಲ. ನೋಡದ ದೇವರಿಲ್ಲ, ಕುಡಿಯದ ಕಷಾಯವಿಲ್ಲ. ಕೊನೆಗೆ ಈ ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿ, ಗರ್ಭಕ್ಕೆ ಹೋಗುವ ಎರಡೂ ನಳಿಗೆ ಬಂದಾಗಿವೆ, ಯಾಕೆ ಬಂದಾಗಿವೆ ಅಂತ ಹೊಕ್ಕುಳಲ್ಲಿ ಸಣ್ಣ ತೂತು ಮಾಡಿ ದುರ್ಬೀನಿನಿಂದ ನೋಡಬೇಕು ಅಂದಿದ್ದಳು. ಶಿವಾಜಿ ತಾಂಡೂರಿನಲ್ಲಿ ಕಲ್ಲಿನ ಚಪ್ಪಡಿಗೆ ಪಾಲಿಶ್ ಹಿಡಿಯುವ ಕೆಲಸದವನು. ಬಂದು ಸಹಿ ಹಾಕಿ ಹೋಗಿದ್ದ. ಅತ್ತೆ ಸಕ್ಕುಬಾಯಿ ಮಾತ್ರ ಅಂಗಳದಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ತೀರ್ಪು ಕೊಟ್ಟಿದ್ದಳು: "ದುರ್ಬೀನದಾಗ ಅಕಿದೇ ಖೋಡಿ ಕಂಡ್ರ, ದೀಪಾವಳಿಗಿ ಕೊಹೀರದ ಹುಡುಗಿನ್ನ ಮನಿ ತುಂಬಿಸ್ಕೋತೀನಿ. ಯಾರೂ ನಡುವ ಬರಬ್ಯಾಡ್ರಿ."

ಶಿವಾಜಿಗೆ ಎರಡನೆಯ ಹೆಂಡತಿಯಾಗಿ ತರಲು ಕೊಹೀರಿನ ಹುಡುಗಿಯನ್ನು ನೋಡಿಯೂ ಬಂದಿದ್ದಳು ಮುದುಕಿ. ಹೀಗಾಗಿ ಆ ಸಣ್ಣ ತೂತಿನಲ್ಲಿ ಮೋನಮ್ಮನ ಸಂಸಾರವೇ ಸಿಕ್ಕಿಕೊಂಡಿತ್ತು.

ದವಾಖಾನೆಯಲ್ಲಿ ಬಳೆ, ಮೂಗುತಿ, ಕಾಲುಂಗುರ ಎಲ್ಲ ಬಿಚ್ಚಿ ಶಕುಂತಲಾಬಾಯಿಯ ಸೆರಗಿನ ಗಂಟಿಗೆ ಬಂದವು. ತಾಳಿ ಬಿಚ್ಚುವಾಗ ಮೋನಮ್ಮ ಅತ್ತಳು. ಅರಿಶಿನ ಕೊಂಬು ಕಟ್ಟಿದ ಬಿಳಿ ದಾರವೊಂದನ್ನು ಶಕುಂತಲಾಬಾಯಿ ಊರಿಂದಲೇ ತಂದಿದ್ದಳು. ಅದನ್ನು ಅವಳ ಕೊರಳಿಗೆ ಹಾಕಿ, "ಆತು, ಮುತ್ತೈದಿ ಇದ್ದೀ. ನಡಿ," ಎಂದು ಬೆನ್ನು ತಟ್ಟಿದಳು.

"ಅಕ್ಕಾ, ಶೃತಿಗಿ ರಾತ್ರಿ ನಾ ಇಲ್ಲಂದ್ರ ನಿದ್ದಿ ಬರಂಗಿಲ್ಲ. ಯಾರ ಬಗಲಾಗ ಮಲಗ್ತಾಳೋ."

"ನಿನ್ನ ಚಿಂತಿ ನೀ ಮಾಡ್ಕೋ ಮೊದ್ಲ."

ಶೃತಿ ಶಕುಂತಲಾಬಾಯಿಯ ನಾಲ್ಕನೆಯ ಮಗು, ಎಂಟು ವರ್ಷದವಳು. ಹೆತ್ತವಳು ಇವಳು, ಸಾಕಿದವಳು ಮೋನಮ್ಮ. ಮೂರು ಮಕ್ಕಳಾದ ಮೇಲೆ ಸಾಕು ಅಂತ ಶಕುಂತಲಾಬಾಯಿ ಕ್ಯಾಂಪಿನಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದಳು. ಆದರೂ ಮರುವರ್ಷವೇ ಹೊಟ್ಟೆ ಬಂತು. ಆಪರೇಷನ್ ಫೇಲಾಯಿತು, ಹಣೆಬರಹ, ಅಂದರು ಎಲ್ಲರೂ. ಕೈಗೂಸು ಹೊಲದ ಕೆಲಸಕ್ಕೆ ತೊಡಕಾದಾಗ ಮೋನಮ್ಮನೇ ಎತ್ತಿಕೊಂಡಿದ್ದಳು, ಇಳಿಸಿರಲೇ ಇಲ್ಲ.

ಮೋನಮ್ಮ ಒಳಗೆ ಹೋಗಿ ಅರ್ಧ ಗಂಟೆಯೂ ಆಗಿರಲಿಲ್ಲ. ನರ್ಸು ಬಾಗಿಲು ತೆರೆದು, "ಮೋನಮ್ಮನ ಕಡೆಯವರು ಒಳಗ ಬರ್ರಿ," ಅಂದಳು. ಶಕುಂತಲಾಬಾಯಿಗೆ ಚಪ್ಪಲಿ ಬಿಡಿಸಿ, ಹಸಿರು ಅಂಗಿ ತೊಡಿಸಿ, ಮೂಗಿಗೆ ಬಟ್ಟೆ ಕಟ್ಟಿ ಒಳಗೆ ಕರೆದೊಯ್ದರು. ಮೋನಮ್ಮ ಮೈಮರೆತು ಮಲಗಿದ್ದಳು. ಗಾಳಿ ತುಂಬಿದ ಅವಳ ಹೊಟ್ಟೆ ದಿನ ತುಂಬಿದ ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ಅಯ್ಯೋ ಶಿವನೇ, ಇದೆಂಥ ಅಣಕ ಅನ್ನಿಸಿತು ಶಕುಂತಲಾಬಾಯಿಗೆ.

ಡಾಕ್ಟರಮ್ಮ ಟಿವಿಯ ಕಡೆ ಕೈ ಮಾಡಿದಳು. ಪರದೆಯ ತುಂಬ ಕೆಂಪು, ಹಸಿ ಹಸಿ, ಮಿನುಗುವ ಒಳಗಿನ ಲೋಕ. ಅದರ ನಡುವೆ ಬಲಕ್ಕೊಂದು, ಎಡಕ್ಕೊಂದು ಬಿಳಿಯ ಸಣ್ಣ ಉಂಗುರ, ನಳಿಗೆಯನ್ನು ಮಡಚಿ ಹಿಡಿದಿತ್ತು.

"ಇದು ಏನಂತ ಗೊತ್ತೇನಮ್ಮಾ? ಮಕ್ಕಳಾಗಬಾರದಂತ ಹಾಕೋ ರಿಂಗು. ಈಕಿಗೆ ಫ್ಯಾಮಿಲಿ ಪ್ಲಾನಿಂಗ್ ಆಪರೇಷನ್ ಆಗಿ ಎಷ್ಟೋ ವರ್ಷ ಆಗ್ಯಾದ. ಮುಚ್ಚಿಟ್ಟು ನನ್ನ ಹತ್ರ ಮಕ್ಕಳು ಬೇಕಂತ ಯಾಕ ಬಂದ್ರಿ?"

"ಇಲ್ರೀ ತಾಯಿ. ಅಕಿಗಿ ಆಗಿಲ್ಲ. ಅದು ನನಗ ಆಗ್ಯಾದ..." ಎಂದ ಶಕುಂತಲಾಬಾಯಿಯ ಮಾತು ಅಲ್ಲಿಗೇ ನಿಂತಿತು. ನರ್ಸು ಅವಳನ್ನು ಹೊರಗೆ ಕರೆತಂದಳು.

ಒಂಬತ್ತು ವರ್ಷದ ಹಿಂದಿನ ಆ ಕ್ಯಾಂಪು. ಒಂದು ಶಾಲೆಯ ಪಡಸಾಲೆ, ಸಾಲಾಗಿ ಕೂತ ಅರವತ್ತು ಹೆಂಗಸರು. ಇವಳು ಮಕ್ಕಳು ಸಾಕೆಂದು ಹೋಗಿದ್ದಳು. ಜೊತೆಗೆ ಮೋನಮ್ಮ, ಬಸಿರು ಜಾರಿ ವಾರವಾದರೂ ರಕ್ತ ನಿಲ್ಲದ್ದಕ್ಕೆ ಗರ್ಭ ತೊಳೆಸಿಕೊಳ್ಳಲು. ಸಕ್ಕುಬಾಯಿ ಎಂದಾದರೂ ಸೊಸೆಯರ ಹೆಸರು ಹಿಡಿದವಳೇ? ಹಿರಿಸೊಸೆ, ಕಿರಿಸೊಸೆ, ಅಷ್ಟೇ. ಅವಳು ಬರೆಸಿದ ಪಟ್ಟಿಯಲ್ಲಿ ಇದ್ದದ್ದು ಗಂಡಂದಿರ ಹೆಸರು ಮಾತ್ರ. ಎಲ್ಲಿಂದಲೋ ಬಂದ ನರ್ಸು ಎದುರಿಗೆ ನಿಂತು, ಗಂಡನ ಹೆಸರೇನು ಅಂದಳು. ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ ಮನೆಯವಳು ಶಕುಂತಲಾಬಾಯಿ. ಮೋನಮ್ಮನನ್ನು ಮೊಳಕೈಯಿಂದ ತಿವಿದು, ನೀ ಹೇಳು ಅಂದಳು. "ಶಂಕ್ರೆಪ್ಪ," ಎಂದು ಭಾವನ ಹೆಸರು ಹೇಳಿದಳು ಮೋನಮ್ಮ. ಹೇಳಿದವಳ ಗಂಡನೇ ಶಂಕ್ರೆಪ್ಪ ಅಂದುಕೊಂಡ ಆ ನರ್ಸು ಮಕ್ಕಳಾಗದಂತೆ ಮಾಡುವ ಆಪರೇಷನ್ನಿನ ಚೀಟಿಯನ್ನು ಮೋನಮ್ಮನ ಕೈಗೇ ಕಟ್ಟಿದಳು. ಮುಂದಿನ ಪಾಳಿ ಮೋನಮ್ಮನದೆಂದು ತಿಳಿದು ಶಕುಂತಲಾಬಾಯಿ, "ಶಿವಾಜಿ," ಅಂದಳು. ತೊಳೆಯುವ ಚೀಟಿ ಇವಳ ಕೈಗೆ ಬಂತು. ಇಬ್ಬರಿಗೂ ಓದು ಬಾರದು. ಇಬ್ಬರಿಗೂ ಮತ್ತು ಬರುವ ಸೂಜಿ ಚುಚ್ಚಿದರು. ಎದ್ದಾಗ ಮೋನಮ್ಮನ ಹೊಕ್ಕುಳಿಗೆ ಪಟ್ಟಿ ಇತ್ತು, ಇವಳಿಗೆ ಇರಲಿಲ್ಲ. ಡಾಕ್ಟರ ವಿದ್ಯೆ ನಮಗೇನು ತಿಳಿಯುತ್ತದೆ ಅಂತ ಇಬ್ಬರೂ ಮನೆಗೆ ಬಂದು ಕಾಯಿಸಿದ ನೀರು ಕುಡಿದು ಮಲಗಿದ್ದರು.

ಗಂಡನ ಆಯುಷ್ಯ ಉಳಿಸಲು ಹೋಗಿ ತಾನು ಯಾರ ಬಾಳಿಗೆ ಕಲ್ಲು ಹಾಕಿದೆ! ಶಕುಂತಲಾಬಾಯಿ ಹೊರಗಿನ ಬೆಂಚಿನ ಮೇಲೆ ಕೂತು ಬಾಯಿಗೆ ಸೆರಗು ತುರುಕಿಕೊಂಡಳು. ಅಳು ಬರಲಿಲ್ಲ. ಆಮೇಲೆ ಡಾಕ್ಟರಮ್ಮನಿಗೆ ಎಲ್ಲ ಹೇಳಿದಳು. ಅವಳು ಎಲ್ಲ ಬರೆದುಕೊಂಡು, ರಿಂಗು ತೆಗೆದು ನಳಿಗೆ ಮತ್ತೆ ಜೋಡಿಸಬಹುದು, ಅದಕ್ಕೆ ಹೈದರಾಬಾದಿಗೆ ಹೋಗಬೇಕು, ಆದರೆ ಆಗೇ ಆಗುತ್ತದೆ ಅಂತ ಮಾತು ಕೊಡಲಾರೆ, ಅಂದಳು.

ಸಂಜೆಗೆ ಮೋನಮ್ಮ ಎಚ್ಚರಾದಳು. "ಅಕ್ಕಾ, ಹೊಟ್ಟಿ ಕೊಯ್ದಾರಾ, ಭುಜಾ ಕೊಯ್ದಾರಾ? ಭುಜಾ ಹರಿದಂಗ ಆಗ್ಯಾದ." ತುಂಬಿದ ಗಾಳಿ ಭುಜಕ್ಕೆ ಏರುವುದು ಇದ್ದದ್ದೇ, ನಡೆದಾಡಿಸಿ, ಎಂದಳು ನರ್ಸು. ಶಕುಂತಲಾಬಾಯಿ ಅವಳ ಸೊಂಟ ಹಿಡಿದು ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆಸಿದಳು.

"ಏನ್ ಕಂಡಿತಕ್ಕಾ ದುರ್ಬೀನದಾಗ? ಹೇಳವಲ್ಲಿ ಯಾಕ? ನನ್ನ ಖೋಡೀನೇ ಏನು?"

ಸುಳ್ಳು ಹೇಳಬಹುದಿತ್ತು. ಡಾಕ್ಟರಮ್ಮನಿಗೂ ಕೈಮುಗಿದು ಬಾಯಿ ಮುಚ್ಚಿಸಬಹುದಿತ್ತು. ಒಂದು ಗಳಿಗೆ ಆ ಯೋಚನೆಯೂ ಬಂದು ಹೋಯಿತು, ಯಾಕೆ ನಿಜ ಹೇಳಬೇಕು? ಆದರೆ ಕೈಯಲ್ಲಿ ಹಿಡಿದಿದ್ದ ಆ ಸೊಂಟ ನೋವಿಗೆ ಕಂಪಿಸುತ್ತಿತ್ತು. ಶಕುಂತಲಾಬಾಯಿ ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟಳು.

ಮೋನಮ್ಮ ಮೊದಲು ನಕ್ಕಳು. ನಕ್ಕರೆ ಹೊಲಿಗೆ ಜಗ್ಗಿ ಹೊಟ್ಟೆ ಹಿಡಿದುಕೊಂಡಳು, ಆದರೂ ನಗು ನಿಲ್ಲಲಿಲ್ಲ. "ಸುಳ್ಳ. ಖರೇ ಹೇಳು." ಶಕುಂತಲಾಬಾಯಿ ತಲೆ ಎತ್ತಲಿಲ್ಲ. ನಗು ನಿಂತಿತು.

"ಅಂದ್ರ ಆ ದಿನ ಚೀಟಿ ಸರಿ ಕಟ್ಟಿದ್ರ ನನಗ ಮಕ್ಕಳಾಗ್ತಿದ್ವು. ಶೃತಿ ಹುಟ್ತಿರಲಿಲ್ಲ."

"ಹೌದವ್ವಾ."

"ನನ್ನ ಮೈ ಬಿಡು."

"ಬೀಳ್ತಿ ಮೋನಿ..."

"ಬೀಳ್ತೀನಿ. ಬಿಡು."

ಗೋಡೆ ಹಿಡಿದು ಒಬ್ಬಳೇ ಹಾಸಿಗೆಗೆ ಹೋದಳು. ಮರುದಿನ ಜೀಪಿನಲ್ಲಿ ಮುಖವನ್ನು ಹೊರಗೆ ತಿರುಗಿಸಿಕೊಂಡೇ ಕೂತಳು.

ಮನೆಯಲ್ಲಿ ಶಿವಾಜಿ ಇದ್ದ. ರೈಲೂ ಇಲ್ಲದೆ ಚಪ್ಪಡಿ ಕಲ್ಲಿನ ಲಾರಿ ಹಿಡಿದು ಬಂದಿದ್ದ. ಮೋನಮ್ಮನನ್ನು ಮಂಚದ ಮೇಲೆ ಮಲಗಿಸಿದ್ದೇ ತಡ, ಶೃತಿ ಓಡಿ ಬಂದು ಅವಳ ಭುಜ ಒತ್ತತೊಡಗಿದಳು. ಮೋನಮ್ಮ ಕಣ್ಣು ಮುಚ್ಚಿಕೊಂಡಳು.

"ಏನ್ ಕಂಡಿತು?" ಅಂದಳು ಸಕ್ಕುಬಾಯಿ.

"ಶೃತೀ, ಸಣ್ಣವ್ವಗ ಬಿಸಿನೀರ ಕಾಸ್ಕೊಂಬಾ ಹೋಗು," ಎಂದು ಮಗಳನ್ನು ಅಡುಗೆಮನೆಗೆ ಅಟ್ಟಿ ಶಕುಂತಲಾಬಾಯಿ ಎರಡನೆಯ ಸಲ ಅದೇ ಕಥೆ ಹೇಳಿದಳು. ಈ ಸಲ ಧ್ವನಿ ನಡುಗಲಿಲ್ಲ. ಮುದುಕಿ ನೆಲಕ್ಕೆ ಕುಸಿದು ಎದೆ ಎದೆ ಬಡಿದುಕೊಂಡಳು, ಆಮೇಲೆ ಕಣ್ಣೊರೆಸಿಕೊಂಡು ತನ್ನ ಹಳೇ ಹಾದಿಗೇ ಬಂದಳು.

"ಯಾರ ತಪ್ಪರ ಇರ್ಲಿ. ಖಾಲಿ ಹೊಟ್ಟಿ ಖಾಲಿನೇ. ಕೊಹೀರದವ್ರಿಗಿ ಮಾತು ಕೊಟ್ಟೀನಿ."

"ಅವ್ವಾ, ಬಾಯಿ ಮುಚ್ಚು," ಎಂದ ಶಿವಾಜಿ. ಹುಟ್ಟಿದಾಗಿನಿಂದ ತಾಯಿಗೆ ಎದುರು ಮಾತಾಡದವನು. "ಮುಷ್ಕರ ಮುಗಿದ ಮರುದಿನ ಅಕಿನ್ನ ಹೈದರಾಬಾದಿಗಿ ಕರ್ಕೊಂಡು ಹೋಗ್ತೀನಿ. ಕೊಹೀರೂ ಬ್ಯಾಡ, ಯಾವೂರೂ ಬ್ಯಾಡ."

"ಅಲ್ಲೂ ಆಗಲಿಲ್ಲಂದ್ರ?" ಅಂದಳು ಮುದುಕಿ.

ಆ ಪ್ರಶ್ನೆಗೆ ಶಕುಂತಲಾಬಾಯಿ ನಿನ್ನೆ ಸಂಜೆಯಿಂದಲೇ ಉತ್ತರ ಕಟ್ಟಿಕೊಂಡಿದ್ದಳು. ಮಂಚದ ಹತ್ತಿರ ಹೋಗಿ ಮೋನಮ್ಮನ ಪಾದ ಹಿಡಿದಳು. "ಆಗಲಿಲ್ಲಂದ್ರ ಶೃತಿ ನಿನ್ನಕಿ. ಪಂಚರ ಮುಂದ ಒಪ್ಪಿಸಿ ಕೊಡ್ತೀನಿ. ನಿನ್ನ ಪಾಲಿಂದೇ ಅದು ನನ್ನ ಹೊಟ್ಟ್ಯಾಗ ಬಂದದ."

ಮೋನಮ್ಮ ಎದ್ದು ಕೂತಳು. ಬಗ್ಗಬೇಡ, ಭಾರ ಎತ್ತಬೇಡ, ಜೋರಾಗಿ ಕೂಗಬೇಡ ಅಂದಿದ್ದಳು ಡಾಕ್ಟರಮ್ಮ. ಎಲ್ಲಿಯ ಡಾಕ್ಟರಮ್ಮ! ಹತ್ತು ವರ್ಷದ ಸಿಟ್ಟೆಲ್ಲ ಒಂದೇ ಸಲ ಬಾಯಿಗೆ ಬಂತು.

"ಕೊಡಾಕ ಅಕಿ ಏನು ಜ್ವಾಳದ ಚೀಲ ಏನು? ಕಸ್ಕೊಂಡಿದ್ದಕ್ಕ ಬದಲಿ ಕೊಡ್ತಿಯಾ? ಬ್ಯಾಡ! ನಿನ್ನ ಶೃತಿ ನನಗ ಬ್ಯಾಡ! ನನ್ನ ಹೊಟ್ಟೀದು ನನಗ ಬೇಕು!"

ಅಡುಗೆಮನೆಯ ಬಾಗಿಲಲ್ಲಿ ತಂಬಿಗೆ ಉರುಳಿತು. ಬಿಸಿನೀರು ನೆಲದ ಮೇಲೆ ಹರಿಯಿತು. ಶೃತಿ ನಿಂತಿದ್ದಳು.

"ಸಣ್ಣವ್ವಾ, ನಾ ಏನ್ ಮಾಡ್ದೆ?"

"ಬಾ ಇಲ್ಲಿ. ನಿನಗ ಅಂದಿಲ್ಲ ನನ್ನವ್ವಾ, ಬಾ," ಎಂದು ಎರಡೂ ಕೈ ಚಾಚಿದಳು ಮೋನಮ್ಮ.

ಹುಡುಗಿ ಆ ಕೈಗಳನ್ನು ನೋಡಿದಳು. ಹೋಗಲಿಲ್ಲ. ಗೋಡೆಗೆ ಒರಗಿಕೊಂಡೇ ಸರಿಯುತ್ತ ಬಂದು ಶಕುಂತಲಾಬಾಯಿಯ ಸೆರಗಿನ ಹಿಂದೆ ಮುಖ ಮುಚ್ಚಿಕೊಂಡಳು. ಎಂಟು ವರ್ಷದಲ್ಲಿ ಒಮ್ಮೆಯೂ ಹಾಗೆ ಬಂದವಳಲ್ಲ. ಮಂಚದ ಮೇಲೆ ಆ ಕೈಗಳು ಇನ್ನೂ ಚಾಚಿಕೊಂಡೇ ಇದ್ದವು. ಶಕುಂತಲಾಬಾಯಿಗೆ ಮಗಳ ತಲೆಯ ಮೇಲೆ ಕೈಯಿಡುವ ಧೈರ್ಯವಾಗಲಿಲ್ಲ.