ಗಡ್ಡದ ಪಾಳಿ

ಬಂದರಿನ ಪಕ್ಕದ ಮೀನಿನ ಶೆಡ್ಡಿನಲ್ಲಿ ಹದಿಮೂರು ಹೆಂಗಸರು ಉದ್ದನೆಯ ಸ್ಟೀಲ್ ಮೇಜಿನ ಎರಡೂ ಕಡೆ ನಿಂತು ಮೀನು ಸೀಳುತ್ತಾರೆ. ಅವರಲ್ಲಿ ಪುಟ್ಟಿಯೂ ಒಬ್ಬಳು. ವಯಸ್ಸು ಮೂವತ್ತಾರಾಗಿದ್ದರೂ, ಸ್ವಂತ ಮಗಳೇ ಅವಳ ಭುಜದೆತ್ತರಕ್ಕೆ ಬೆಳೆದು ನಿಂತಿದ್ದರೂ, ಊರಿಗೆಲ್ಲ ಅವಳು ಕ್ಷೌರದಂಗಡಿಯ ಪುಟ್ಟಿಯೇ. ಕೈ ಮಾತ್ರ ಪುಟ್ಟ ಕೈಯಲ್ಲ. ಬೆನ್ನುಮೂಳೆಗೆ ಚಾಕು ತಾಗಿಸಿ ಅವಳು ಒಂದೇ ಎಳೆತಕ್ಕೆ ಮಾಂಸ ಬಿಡಿಸಿದರೆ, ಉಳಿದ ಮುಳ್ಳಿನಲ್ಲಿ ಬೆಕ್ಕಿಗೂ ಏನೂ ದಕ್ಕುವುದಿಲ್ಲ ಎಂದು ಶೆಡ್ಡಿನಲ್ಲಿ ಮಾತಿತ್ತು.

ಒಂದು ಸೋಮವಾರ ಬೆಳಗ್ಗೆ ಶೆಡ್ಡಿನ ಸೂಪರ್‌ವೈಸರ್ ಗದ್ದದ ಮೇಲೆ ಎರಡು ಬೆರಳಗಲದ ಪ್ಲಾಸ್ಟರ್ ಹಚ್ಚಿಕೊಂಡು ಬಂದ. ಬುಧವಾರ ಅಂಚೆಯವನ ಕೆನ್ನೆಯ ಮೇಲೆ ಪೇಪರಿನ ಚೂರೊಂದು ರಕ್ತಕ್ಕೆ ಅಂಟಿಕೊಂಡಿತ್ತು. ಗುರುವಾರ ಲಾಂಚಿನ ಟಿಕೆಟ್ ಹರಿಯುವವನ ಕಿವಿಯ ಕೆಳಗೆ ಹೊಸ ಗೀರು.

“ಏನ್ರೇ ಇದು, ಊರಿಗೆ ಹೊಸ ಬೆಕ್ಕೇನಾದರೂ ಬಂದಿದೆಯಾ?” ಎಂದಳು ಪಕ್ಕದಲ್ಲಿ ನಿಂತಿದ್ದ ಗೆಳತಿ. ಮೇಜಿನುದ್ದಕ್ಕೂ ನಗು ಹರಿಯಿತು.

ಪುಟ್ಟಿಗೆ ನಗು ಬರಲಿಲ್ಲ. ಆ ಮೂವರೂ ಗಡ್ಡ ತೆಗೆಸುವುದು ಎಲ್ಲಿ ಎಂದು ಅವಳಿಗೆ ಗೊತ್ತಿತ್ತು. ಊರಿನಲ್ಲಿ ಇದ್ದದ್ದು ಒಂದೇ ಅಂಗಡಿ, ಅದು ಅವಳಪ್ಪನದು.

ರಜೆಯ ದಿನ ಅವಳು ಅಂಗಡಿಗೆ ಹೋದಳು. ಲಾಂಚ್ ಕಟ್ಟೆಗೆ ಮುಖ ಮಾಡಿದ ಒಂಟಿ ಕೋಣೆ. ಎರಡು ಕುರ್ಚಿ, ಒಂದು ಮೇಲೆ ಕೆಳಗೆ ಆಡುತ್ತದೆ, ಇನ್ನೊಂದು ಹನ್ನೆರಡು ವರ್ಷದಿಂದ ಮೇಲೇ ನಿಂತುಬಿಟ್ಟಿದೆ. ಉಪ್ಪುಗಾಳಿಗೆ ಅಂಚು ಕಪ್ಪಾದ ಕನ್ನಡಿ, ಕಾಯುವವರಿಗೆ ಒಂದು ಬೆಂಚು, ಬೆಂಚಿನ ಮೇಲೆ ನಿನ್ನೆಯ ಪೇಪರು. ಅಪ್ಪ ನಿವೃತ್ತ ಮೇಷ್ಟ್ರ ಮುಖಕ್ಕೆ ನೊರೆ ಹಚ್ಚುತ್ತಿದ್ದ. ಬ್ರಷ್ ಹಿಡಿದಾಗ ಏನೂ ತಿಳಿಯಲಿಲ್ಲ. ಕತ್ತಿಗೆ ಹೊಸ ಬ್ಲೇಡು ಸಿಕ್ಕಿಸಿ ಮೇಲೆತ್ತಿದಾಗ ಮಾತ್ರ ಅದರ ತುದಿ ಗಾಳಿಗೆ ಸಿಕ್ಕ ಎಲೆಯ ಹಾಗೆ ಅದುರಿತು. ಮೇಷ್ಟ್ರು ಕಣ್ಣು ಮುಚ್ಚಿ ಕುರ್ಚಿಯ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡರು.

“ಆರಾಮಾಗಿದೆಯಾ ಮೇಷ್ಟ್ರೇ?” ಎಂದ ಅಪ್ಪ.

“ಬಹಳ ಆರಾಮ,” ಎಂದರು ಮೇಷ್ಟ್ರು. ಗದ್ದದ ಪಕ್ಕದಲ್ಲಿ ಬಿಳಿ ನೊರೆಯೊಳಗಿಂದ ಕೆಂಪು ಮೆಲ್ಲಗೆ ಇಣುಕಿತು.

ಅವರು ಹೊರಗೆ ಬಂದಾಗ ಪುಟ್ಟಿ ಹಿಂದೆಯೇ ಹೋದಳು. “ಮೇಷ್ಟ್ರೇ, ಒಂದು ನಿಮಿಷ. ಇದು ಎಷ್ಟು ದಿನದಿಂದ?”

ಮೇಷ್ಟ್ರು ಕರವಸ್ತ್ರದಿಂದ ಗದ್ದ ಒತ್ತಿಕೊಂಡರು. “ಏಳೆಂಟು ತಿಂಗಳಾಯ್ತೇನೋ.”

“ಮತ್ತೆ ಯಾಕೆ ಬರ್ತೀರಿ?”

“ಬರೋದು ಬಿಟ್ಟರೆ ನಿಮ್ಮಪ್ಪನಿಗೆ ಗೊತ್ತಾಗಿಬಿಡುತ್ತಲ್ಲಮ್ಮ.” ಆಮೇಲೆ ಹಳೆಯ ಅಭ್ಯಾಸದಂತೆ ತರಗತಿಗೆ ವಿವರಿಸುವವರ ಹಾಗೆ ಮುಂದುವರಿಸಿದರು. “ಒಬ್ಬನಿಗೇ ವಾರಕ್ಕೆ ಎರಡು ಸಲ ಗಾಯ ಆಗಬಾರದು ನೋಡು. ಅದಕ್ಕೆ ಪಾಳಿ ಹಾಕಿಕೊಂಡಿದ್ದೀವಿ. ಸೋಮವಾರ ನಿಮ್ಮ ಸೂಪರ್‌ವೈಸರ್, ಬುಧವಾರ ಅಂಚೆಯವನು, ಶನಿವಾರ ಬಡಗಿ. ಇವತ್ತು ನಂದು. ನಮ್ಮ ಮುಖಕ್ಕೇನಾಗಬೇಕು ಹೇಳು, ಹೆಣ್ಣು ನೋಡೋಕೆ ಹೋಗೋ ಮುಖಗಳಾ ಇವು?”

ಪುಟ್ಟಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಊರಿನ ದೊಡ್ಡ ಗಂಡಸರೆಲ್ಲ ಸೇರಿ ಅಪ್ಪನ ಮಾನ ಕಾಯಲು ತಮ್ಮ ಕೆನ್ನೆ ಕೊಟ್ಟು ಕೂತಿದ್ದರು. ಆದರೆ ಕೆನ್ನೆಯಿಂದ ಕುತ್ತಿಗೆಗೆ ಎಷ್ಟು ದೂರ? ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಿನವೂ ಚಾಕು ಹಿಡಿಯುವವಳು.

ಅಂದು ಸಂಜೆ ತವರಿಗೆ ಹೋಗಿ ಅಮ್ಮನ ಮುಂದೆ ಕೂತಳು. ಅಮ್ಮ ಬಟ್ಟೆ ಮಡಚುತ್ತಲೇ ಎಲ್ಲವನ್ನೂ ಕೇಳಿಸಿಕೊಂಡಳು.

“ನಾನು ನಿಮ್ಮಪ್ಪನ ಲೋಟಕ್ಕೆ ಅರ್ಧವೇ ಟೀ ಹಾಕೋದು ಯಾಕೆ ಅಂತ ತಿಳಿದಿದ್ದೀ?” ಎಂದಳು. “ತುಂಬ ಹಾಕಿದರೆ ಚೆಲ್ಲುತ್ತೆ. ಅರ್ಧ ಕುಡಿದಾದ ಮೇಲೆ ಇನ್ನರ್ಧ ಹಾಕ್ತೀನಿ. ಅವರೂ ಕೇಳಲ್ಲ, ನಾನೂ ಹೇಳಲ್ಲ.”

“ಡಾಕ್ಟರಿಗೆ ತೋರಿಸಬೇಕಲ್ಲಮ್ಮ.”

“ತೋರಿಸಬೇಕು. ಬೆಕ್ಕಿಗೆ ಗಂಟೆ ಕಟ್ಟೋರು ಯಾರು?”

ಕಟ್ಟುವವಳು ತಾನೇ ಎಂದು ಪುಟ್ಟಿ ಅಲ್ಲೇ ತೀರ್ಮಾನಿಸಿದಳು. ಆದರೆ ಕತ್ತಿ ಕೆಳಗಿಡು ಎಂದು ಬರಿಗೈಯಲ್ಲಿ ಹೋಗಿ ಹೇಳುವುದು ಹೇಗೆ? ಆ ಕತ್ತಿಯನ್ನು ಅವಳು ಹಿಡಿಯದವಳೇನಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಅಪ್ಪನೇ ಊದಿದ ಬಲೂನಿಗೆ ಸೋಪು ಹಚ್ಚಿ, ಒಡೆಯದ ಹಾಗೆ ನೊರೆ ತೆಗೆಯುವುದನ್ನು ಕಲಿಸಿದ್ದ. ಎರಡು ವರ್ಷದಲ್ಲಿ ಅವಳು ಬಲೂನು ಒಡೆಯುವುದನ್ನು ಪೂರ್ತಿ ಬಿಟ್ಟಿದ್ದಳು. ಆಗ ಯಾರೋ ಗಿರಾಕಿ, ಹೆಣ್ಣುಮಗುವಿನ ಕೈಗೆ ಕತ್ತಿ ಕೊಟ್ಟರೆ ನಾಳೆ ಅವಳನ್ನು ಯಾರು ಮದುವೆಯಾಗುತ್ತಾರೆ ಎಂದು ನಗೆಯಾಡಿದ. ನಗೆಯಾಡಿದ್ದು ಅವನು, ಹೆದರಿದ್ದು ಅಮ್ಮ. ಅಲ್ಲಿಗೆ ಬಲೂನಿನ ಪಾಠ ಮುಗಿದಿತ್ತು.

ಈಗ ಮದುವೆಯೂ ಆಗಿತ್ತು, ಗಂಡನೂ ಮನೆಯಲ್ಲಿದ್ದ. ಬೋಟಿನ ಇಂಜಿನ್ ರಿಪೇರಿ ಮಾಡುವ ಸಾಧು ಮನುಷ್ಯ. ಹೊಸ ಕತ್ತಿಯೊಂದನ್ನು ಕೊಂಡು ತಂದು, ಹಿತ್ತಲ ಬಾಗಿಲಲ್ಲಿ ಸ್ಟೂಲು ಹಾಕಿ ಅವನನ್ನು ಕೂರಿಸಿದಳು.

“ಹೆದರಿಕೆ ಆಗುತ್ತಾ?”

“ಮದುವೆ ದಿನವೇ ಕುತ್ತಿಗೆ ಕೊಟ್ಟಾಗಿದೆ,” ಎಂದ ಅವನು. “ಹೊಸದಾಗಿ ಹೆದರೋದೇನು?”

ಮೊದಲ ದಿನ ಎರಡು ಗೀರು ಬಿದ್ದವು. ಮೂರನೆಯ ದಿನ ಒಂದು. ಎರಡನೆಯ ವಾರಕ್ಕೆ ಅವನ ಕೆನ್ನೆ ಕೈಯಾಡಿಸಿದರೆ ಜಾರುವ ಹಾಗಾಯಿತು. ಇಂಜಿನ್ ಎಣ್ಣೆಯಲ್ಲಿ ಮುಳುಗೇಳುವ ಮನುಷ್ಯ ದಿನವೂ ಮದುಮಗನ ಹಾಗೆ ನುಣ್ಣಗೆ ಬರುವುದನ್ನು ನೋಡಿ ಬೋಟಿನವರು ಅವನಿಗೆ ‘ಹೀರೋ’ ಎಂದು ಹೆಸರಿಟ್ಟರು.

ಮೂರನೆಯ ವಾರ, ಒಂದು ಶುಕ್ರವಾರ ಸಂಜೆ, ಅಪ್ಪ ಅಂಗಡಿ ಗುಡಿಸುವಾಗ ಪುಟ್ಟಿ ಬಾಗಿಲಲ್ಲಿ ನಿಂತಳು.

“ಅಪ್ಪ, ನಿನ್ನ ಕೈ ನಡುಗ್ತಾ ಇದೆ.”

“ಚಳಿಗೆ.”

“ಚಳಿ ಎಲ್ಲಿದೆ ಅಪ್ಪ? ನಾನು ಬೆವರ್ತಾ ನಿಂತಿದ್ದೀನಿ.”

“ನಲವತ್ತೆಂಟು ವರ್ಷ ಈ ಕೈ ಊರಿನ ಮುಖ ನೋಡಿಕೊಂಡಿದೆ. ಯಾವನಾದರೂ ಬಂದು ದೂರಿದನಾ?”

“ದೂರಲ್ಲ. ಪಾಳಿ ಹಾಕಿಕೊಂಡು ಗಾಯ ಮಾಡಿಸಿಕೊಳ್ತಾರೆ.”

ಅದನ್ನು ಹೇಳಬೇಕೆಂದು ಅವಳು ಬಂದಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಪ್ಪ ಪೊರಕೆ ಹಿಡಿದೇ ನಿಂತ. ಯಾರ್ಯಾರು ಎಂದು ಕೇಳಿದ. ಒಂದೊಂದೇ ಹೆಸರು ಹೇಳಬೇಕಾಯಿತು. ಕೊನೆಗೆ, “ಬಡಗಿನೂ ಇದ್ದಾನಾ?” ಎಂದ. ದೋಣಿ ಕಟ್ಟುವ ಬಡಗಿ ಅಪ್ಪನ ಚಿಕ್ಕಂದಿನ ಜೊತೆಗಾರ. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿ, ಒಂದೇ ವರ್ಷ ಫೇಲಾದವರು.

“ಶನಿವಾರ ಅವರದು,” ಎಂದಳು ಪುಟ್ಟಿ.

ಅಪ್ಪ ಪೊರಕೆ ಮೂಲೆಗಿಟ್ಟು, ಮಗಳ ಪಕ್ಕದಿಂದಲೇ ಹಾದು ಮನೆಗೆ ನಡೆದುಬಿಟ್ಟ. ಮರುದಿನ ಶನಿವಾರ ಅಂಗಡಿ ಬಾಗಿಲು ತೆರೆಯಲಿಲ್ಲ. ಬಡಗಿ ಬಂದು, ಮುಚ್ಚಿದ ಬಾಗಿಲು ನೋಡಿ, ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತು ಹೋದನಂತೆ. ಮೇಜಿನ ಮುಂದೆ ನಿಂತ ಪುಟ್ಟಿಗೆ ಅಂದು ಕೆಲಸವೇ ಸಾಗಲಿಲ್ಲ. ಒಳ್ಳೆಯದು ಮಾಡಲು ಹೋಗಿ ಅಪ್ಪನ ಬೆನ್ನೆಲುಬನ್ನೇ ಬಿಡಿಸಿಬಿಟ್ಟೆನೇ ಎಂದು ಸಂಕಟಪಟ್ಟಳು.

ಭಾನುವಾರ ಮಾತ್ರ ಅಂಗಡಿ ತೆರೆಯಲೇಬೇಕಿತ್ತು. ಅಂದು ಸಂಜೆ ಬೇಕರಿಯವನ ಮಗನ ಮದುವೆ. ಎರಡು ವರ್ಷ ಹಡಗಿನಲ್ಲಿ ದುಡಿದು ಹಿಂದಿನ ದಿನವಷ್ಟೇ ಬಂದಿಳಿದಿದ್ದ ಹುಡುಗ; ನಿಮ್ಮ ಕೈಯಲ್ಲೇ ಗಡ್ಡ ತೆಗೆಸಿಕೊಳ್ಳುತ್ತೇನೆ ಎಂದು ಅಪ್ಪನಿಗೆ ತಿಂಗಳ ಮೊದಲೇ ಫೋನಿನಲ್ಲಿ ಹೇಳಿದ್ದ. ಪಾಳಿಯ ವಿಷಯ ಅವನಿಗೆ ಗೊತ್ತಿರಲಿಲ್ಲ.

ಶೆಡ್ಡಿನಲ್ಲಿ ಭಾನುವಾರ ಅರ್ಧ ದಿನದ ಕೆಲಸ. ಅದೂ ಮುಗಿಯುವ ಮೊದಲೇ ಸೂಪರ್‌ವೈಸರ್ ಪುಟ್ಟಿಯ ಹತ್ತಿರ ಬಂದು, ತನ್ನ ಗದ್ದ ಸವರಿಕೊಳ್ಳುತ್ತ, “ನೀನು ಅಂಗಡಿಗೆ ಹೋಗಮ್ಮ, ಅಲ್ಲಿ ನೀನು ಬೇಕು,” ಎಂದ. ಅವಳು ಏಪ್ರನ್ ಬಿಚ್ಚಿ, ನಲ್ಲಿಯಲ್ಲಿ ಕೈ ಉಜ್ಜಿ ಓಡಿದಳು.

ಅಂಗಡಿಯಲ್ಲಿ ಮದುಮಗ ಕುರ್ಚಿಯಲ್ಲಿದ್ದ. ಬೆಂಚಿನ ಮೇಲೆ ಬೇಕರಿಯವನು, ಮೇಷ್ಟ್ರು, ಬಡಗಿ. ಪುಟ್ಟಿ ಬಾಗಿಲಿಗೆ ಬರುವ ಹೊತ್ತಿಗೆ ಬಡಗಿ ಎದ್ದು ನಿಂತಿದ್ದ.

“ಮೊದಲು ನಂದು ಮುಗಿಸಿಬಿಡು ಮಾರಾಯ, ನನಗೆ ಅವಸರ ಇದೆ.”

“ಇವತ್ತು ಭಾನುವಾರ,” ಎಂದ ಅಪ್ಪ, ಕನ್ನಡಿಯಲ್ಲಿ ಅವನನ್ನೇ ನೋಡುತ್ತ. “ನಿನ್ನ ಪಾಳಿ ಶನಿವಾರ ಅಲ್ಲವಾ?”

ಬಡಗಿ ಕೂತುಬಿಟ್ಟ. ಮದುಮಗ ಒಬ್ಬನೇ ಏನೂ ತಿಳಿಯದೆ ನೊರೆಯ ಮರೆಯಲ್ಲಿ ನಗುತ್ತಿದ್ದ. ಅಪ್ಪ ಕತ್ತಿ ಎತ್ತಿ ಅವನ ಕೆನ್ನೆಯವರೆಗೆ ತಂದ. ಬ್ಲೇಡು ಅದುರಿತು. ಹಿಂದಕ್ಕೆ ತೆಗೆದ. ಎಡಗೈಯಲ್ಲಿ ಬಲಗೈ ಮಣಿಕಟ್ಟು ಹಿಡಿದು ಮತ್ತೆ ತಂದ. ಇನ್ನೂ ಅದುರಿತು. ಆ ಎಳೆಯ, ಗೀರಿಲ್ಲದ ಚರ್ಮವನ್ನು ಅಪ್ಪ ಸುಮ್ಮನೆ ನೋಡುತ್ತ ನಿಂತ. ಪುಟ್ಟಿಗೆ ಹೋಗಿ ಕತ್ತಿ ಕಿತ್ತುಕೊಳ್ಳುವಷ್ಟು ಆತುರವಾಯಿತು. ಆದರೆ ಕಾಲು ಹೊಸ್ತಿಲು ದಾಟಲಿಲ್ಲ. ಕಿತ್ತುಕೊಳ್ಳುವಂಥದ್ದಲ್ಲ ಅದು.

ಅಪ್ಪ ಅವಳತ್ತ ತಿರುಗಿದ.

“ಅಳಿಯನ ಕೆನ್ನೆ ನಾನೂ ನೋಡಿದ್ದೀನಿ. ಕೈ ತೊಳೆದುಕೊಂಡಿದ್ದೀಯಾ?”

“ತೊಳೆದುಕೊಂಡೇ ಬಂದೆ ಅಪ್ಪ.”

“ಇನ್ನೊಂದು ಸಲ ತೊಳಕೋ. ಮೀನಿನ ವಾಸನೆ ಮದುವೆ ಮನೆಗೆ ಹೋಗಬಾರದು.”

ಅವಳು ಸೋಪು ಹಚ್ಚಿ ಮೊಣಕೈವರೆಗೆ ತೊಳೆದಳು. ಅಪ್ಪ ಹಿಡಿ ಮುಂದೆ ಮಾಡಿ ಕತ್ತಿ ಕೊಟ್ಟ. ಬೇಕರಿಯವನು ಬಾಯಿ ತೆರೆಯಹೊರಟ. ಮೇಷ್ಟ್ರು ಅವನ ಮೊಣಕಾಲ ಮೇಲೆ ಕೈಯಿಟ್ಟರು.

“ಅಕ್ಕಾ, ನಾನು ಮೀನಲ್ಲ,” ಎಂದ ಮದುಮಗ, ಕನ್ನಡಿಯಲ್ಲಿ ಅವಳನ್ನು ಕಂಡು.

“ಅದೇ ಕಷ್ಟ. ಮೀನು ಅಲ್ಲಾಡಲ್ಲ, ಮಾತಾಡಲ್ಲ. ನೀನೂ ಹಾಗೇ ಇರು.”

ಕತ್ತಿ ಕೆನ್ನೆಯ ಮೇಲೆ ಇಳಿಯಿತು. ನೊರೆ ಸರಿದ ದಾರಿಯಲ್ಲಿ ಸ್ವಚ್ಛ ಚರ್ಮ ಕಂಡಿತು. ಅಪ್ಪ ಪಕ್ಕದಲ್ಲೇ ನಿಂತು, “ಮೂಗಿನ ಕೆಳಗೆ ಎಳೆದು ಹಿಡಿ… ಗದ್ದದ ಗುಳಿ ನೋಡಿಕೋ… ಹ್ಞೂಂ, ಮೇಲಿಂದ ಬಾ,” ಎನ್ನುತ್ತಿದ್ದ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಕುತ್ತಿಗೆಯ ಹತ್ತಿರ ಬಂದಾಗ ಅವನೂ ಸುಮ್ಮನಾದ. ಮುಗಿದ ಮೇಲೆ ಬೆರಳ ಹಿಂಬದಿಯಿಂದ ಹುಡುಗನ ಎರಡೂ ಕೆನ್ನೆ ಸವರಿ ನೋಡಿ, “ಹೋಗಿ ಮದುವೆ ಆಗಪ್ಪ,” ಎಂದ.

ಬೇಕರಿಯವರು ಹೊರಟರು, ಮೇಷ್ಟ್ರೂ ಅವರ ಜೊತೆ ನಡೆದರು. ಬಡಗಿ ಮಾತ್ರ ಕದಲಲಿಲ್ಲ.

“ಇಷ್ಟು ವರ್ಷದ ಜೊತೆಗಾರ,” ಎಂದ ಅಪ್ಪ. “ನೀನಾದರೂ ಒಂದು ಮಾತು ಹೇಳಬಹುದಿತ್ತು.”

ಬಡಗಿ ನೆಲ ನೋಡಿದ. “ಹೇಳೋಕೆ ಬಾಯಿ ಬರಲಿಲ್ಲ ಕಣೋ. ಕೆನ್ನೆ ಕೊಡೋದೇ ಸುಲಭ ಅನ್ನಿಸ್ತು.”

ಅಪ್ಪ ಬ್ರಷ್ ತೊಳೆದು ಕನ್ನಡಿಯ ಮುಂದಿಟ್ಟ. ಆಮೇಲೆ ಹೋಗಿ ಅವನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತ. ಹುಟ್ಟಿದಾಗಿನಿಂದ ಅಪ್ಪ ಆ ಬೆಂಚಿನ ಮೇಲೆ ಕೂತದ್ದನ್ನು ಪುಟ್ಟಿ ನೋಡಿದ್ದು ಅದೇ ಮೊದಲು.

ಮುಂದಿನ ದಿನಗಳೇನೂ ಹೂವಿನ ಹಾಸಿಗೆಯಾಗಿರಲಿಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರು ನಡುಕ ಎಷ್ಟಿದೆಯೆಂದು ತಿಳಿಯಲು ಅಪ್ಪನಿಂದ ಕಾಗದದ ಮೇಲೆ ಸುರುಳಿ ಬರೆಸಿ, ಮಾತ್ರೆ ಕೊಟ್ಟರು. ನಡುಕ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ ಎಂದರು. ಪುಟ್ಟಿ ಶೆಡ್ಡಿನಲ್ಲಿ ಬೆಳಗಿನ ಕೆಲಸ ಉಳಿಸಿಕೊಂಡು ಮಧ್ಯಾಹ್ನದ ಮೇಲೆ ಅಂಗಡಿಗೆ ಬರತೊಡಗಿದಳು. ಕೆಲವು ಗಂಡಸರು ಕಿಟಕಿಯಿಂದ ಇಣುಕಿ, ಅವಳನ್ನು ಕಂಡು, ಏನೋ ಮರೆತವರ ಹಾಗೆ ತಿರುಗಿ ಹೋದರು. ಅಂಚೆಯವನು ಎರಡು ವಾರ ಗಡ್ಡ ಬಿಟ್ಟ. ಅವನ ಹೆಂಡತಿಯೇ ಒಂದು ದಿನ ಅವನನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿ, “ಮೊದಲು ಮನುಷ್ಯನ ಹಾಗೆ ಮಾಡಿ ಕಳಿಸು, ಆಮೇಲೆ ಮಿಕ್ಕಿದ್ದು,” ಎಂದು ಹೇಳಿ ಹೋದಳು.

ಅಪ್ಪನಿಗೂ ಕೆಲಸ ಸಿಕ್ಕಿತು. ನೊರೆ ಹಚ್ಚುವುದು ಅವನದೇ. “ನೋಡು, ಈ ಕೈಗೆ ಬ್ರಷ್ ಕೊಟ್ಟರೆ ತಾನಾಗೇ ಕಲಕುತ್ತೆ,” ಎಂದು ಒಂದು ಮಧ್ಯಾಹ್ನ ಅವನೇ ಹೇಳಿ ನಕ್ಕ. ಬೆಂಚಿನವರು ನಗಬಹುದೋ ಬಾರದೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ನಕ್ಕರು. ಅಂದಿನಿಂದ ಆ ಕೋಣೆಯಲ್ಲಿ ಕೈಯ ಬಗ್ಗೆ ಮಾತಾಡಲು ಯಾರಿಗೂ ಅಂಜಿಕೆ ಉಳಿಯಲಿಲ್ಲ.

ಒಂದು ಭಾನುವಾರ ಸಂಜೆ ಶೆಡ್ಡಿನ ಗೆಳತಿ ಬಾಗಿಲಲ್ಲಿ ಬಂದು ನಿಂತಳು. ಸೊಂಟಕ್ಕಿಳಿವ ಜಡೆ ಅವಳದು. ದಿನವೂ ಅದನ್ನು ಶೆಡ್ಡಿನ ಟೋಪಿಯೊಳಗೆ ತುರುಕಿ ತುರುಕಿ ಬೇಸತ್ತಿದ್ದಳು.

“ನನ್ನದೂ ಕತ್ತರಿಸ್ತೀಯೇನೇ? ಇಲ್ಲ, ಈ ಕುರ್ಚಿ ಮೇಲೆ ಗಂಡಸರೇ ಕೂರಬೇಕು ಅಂತ ಎಲ್ಲಾದರೂ ಬರೆದಿದೆಯಾ?”

ಪುಟ್ಟಿ ಅಪ್ಪನ ಕಡೆ ನೋಡಿದಳು. ಅಂಗಡಿ ಅವನದು, ಹೇಳಬೇಕಾದವನು ಅವನು. ಅಪ್ಪ ಕುರ್ಚಿಯ ಹಿಂದೆ ಮುಂದೆ ಪರೀಕ್ಷಿಸುವವನ ಹಾಗೆ ನೋಡಿ, “ನನಗೆಲ್ಲೂ ಕಾಣಿಸ್ತಿಲ್ಲಮ್ಮ, ಕೂತ್ಕೋ,” ಎಂದ. ಒಗೆದ ಬಟ್ಟೆಯೊಂದನ್ನು ಕೊಡವಿ ಅವಳ ಹೆಗಲ ಸುತ್ತ ಹೊದಿಸಿದ. ಕುತ್ತಿಗೆಯ ಹಿಂದೆ ಗಂಟು ಹಾಕಲು ಹೋದಾಗ ಎರಡು ಸಲ ದಾರ ಜಾರಿತು. ಯಾರೂ ಅವಸರ ಮಾಡಲಿಲ್ಲ. ಮೂರನೆಯ ಸಲ ಗಂಟು ಬಿತ್ತು.

ಹೊರಗೆ ಮೆಟ್ಟಿಲ ಮೇಲೆ ಶೆಡ್ಡಿನ ಇನ್ನಿಬ್ಬರು ಹೆಂಗಸರು ನಿಂತು, ಒಳಗೆ ಬರಲೋ ಬೇಡವೋ ಎಂದು ಪಿಸುಗುಟ್ಟುತ್ತಿದ್ದರು. ಮೇಷ್ಟ್ರು ಪೇಪರು ಮಡಚಿ, ಬೆಂಚಿನ ತುದಿಗೆ ಸರಿದು, ಜಾಗ ಮಾಡಿಕೊಟ್ಟರು.

“ಎಷ್ಟು ಉದ್ದ ಬಿಡಲೇ?” ಎಂದು ಪುಟ್ಟಿ ಕತ್ತರಿ ಎತ್ತಿಕೊಂಡಳು.