ಬೆನ್ನಿಗೆ ಅಂಟು ಮೆತ್ತಿದ ಗುಂಡಿ

ಲಿಂಕನ್‌ಶೈರಿನ ನಮ್ಮ ಲೋಹಶೋಧಕರ ಸಂಘದವರು ತಿಂಗಳಿಗೊಮ್ಮೆ ಪಬ್ಬಿನ ಹಿಂದಿನ ಕೋಣೆಯಲ್ಲಿ ಸೇರಿ, ಹೊಲಗಳಲ್ಲಿ ಯಂತ್ರ ಆಡಿಸಿ ಮಣ್ಣಿನಡಿಯಿಂದ ತೆಗೆದ ಹಳೇ ಸಾಮಾನನ್ನು ಮೇಜಿನ ಮೇಲಿಟ್ಟು, ಅತ್ಯುತ್ತಮವಾದದ್ದಕ್ಕೆ ಮತ ಹಾಕುತ್ತೇವೆ. ಈ ಸಲ ಪಿಯರ್ಸ್ ಹ್ಯಾಲ್ಡನ್‌ಬಿ ಕೋಟಿನ ಒಂದು ಹಿತ್ತಾಳೆ ಗುಂಡಿಯನ್ನು ರಟ್ಟಿಗೆ ಅಂಟಿಸಿ ತಂದಿದ್ದ. ಗುಂಡಿಯ ಮೇಲೆ ಕಾಡುಹಂದಿಯ ತಲೆ. ಅವನ ಮನೆತನದ ಲಾಂಛನ.

"ನಮ್ಮ ಹಿರೀಕರ ಕೋಟಿಂದು. ಮುನ್ನೂರು ವರ್ಷ ಹಳೇದು," ಎಂದು ಬೀಗಿದ.

ಗುಂಡಿಯ ವಯಸ್ಸು ತಿಳಿಯಬೇಕಾದರೆ ಬೆನ್ನು ನೋಡಬೇಕು. ಇದು ನಿನ್ನೆ ಸಂಘ ಸೇರಿದವನಿಗೂ ಗೊತ್ತು. ಈ ಮಹಾಶಯ ಬೆನ್ನಿಗೇ ಅಂಟು ಮೆತ್ತಿದ್ದ. ನನಗೆ ಮೈಯೆಲ್ಲ ಉರಿದು, ಉಗುರು ಹಾಕಿ ಕಿತ್ತೆ.

"ಏಯ್ ಹೆಟ್ಟಿ, ಮುಟ್ಬೇಡ!"

"ಮುಟ್ಟಾಯ್ತು. ನೋಡು, ಹಿಂದ್ಗಡೆ ಬರ್ಮಿಂಗ್‌ಹ್ಯಾಮ್ ಕಾರ್ಖಾನೆ ಹೆಸರು ಒತ್ತಿದಾರೆ. ವಿಕ್ಟೋರಿಯಾ ರಾಣಿ ಕಾಲದ್ದು. ಇನ್ನೂ ಒಂದು ಕೇಳು. ಲಾಂಛನದ ಗುಂಡಿಗಳನ್ನ ಧಣಿಗಳು ಹಾಕ್ಕೋತಿರ್ಲಿಲ್ಲ, ಆಳುಗಳ ಕೋಟಿಗೆ ಹೊಲಿಸ್ತಿದ್ರು."

ಯಾರೋ ಬಿಯರ್ ಲೋಟದೊಳಗೇ ಕಿಸಕ್ಕೆಂದರು. ಪಿಯರ್ಸ್‌ನ ಕಿವಿ ಕೆಂಪಾಯಿತು.

"ಹಾಗಾದ್ರೆ ಇದು ನಿಮ್ಮಜ್ಜಂದೇ ಬಿಡು. ನಮ್ಮನೇಲಿ ಸಾರೋಟು ಹೊಡ್ಕೊಂಡು ಬಿದ್ದಿದ್ದೋರು ನಿಮ್ಮೋರೇ ತಾನೆ?"

ಈಗ ಯಾರೂ ನಗಲಿಲ್ಲ. ಅವನು ಹೇಳಿದ್ದು ನಿಜ. ನಮ್ಮವರು ಮೂರು ತಲೆಮಾರು ಅವರ ಕುದುರೆಗಳ ಲದ್ದಿ ಬಾಚಿದವರು.

"ಹೌದು ಕಣೋ," ಎಂದು ಗುಂಡಿಯನ್ನು ಜೇಬಿಗಿಳಿಸಿದೆ. "ನಿನ್ ಬಾಯಿಂದಾನೇ ಬಂತಲ್ಲ, ಎಲ್ಲರೂ ಕೇಳಿಸ್ಕೊಂಡ್ರು. ನಮ್ಮಜ್ಜಂದು ಅಂದ್ಮೇಲೆ ನಿಂಗ್ಯಾಕೆ?"