ಮೂರಡಿ ಮೇಲೇರಿದ ಕಲ್ಲು

ತೆಲುಗು ಸೀಮೆಯ ದೇವಗುಂಟ ನಗರಪಾಲಿಕೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಅಷ್ಟರಲ್ಲೇ ಅದಕ್ಕೊಬ್ಬ ಮೇಯರ್ ಬಂದರು, ಮೇಯರಿಗೆ ಕೆಂಪು ನಿಲುವಂಗಿ ಬಂತು, ಊರ ಬಾಗಿಲಿಗೆ ಬಣ್ಣದ ದೀಪದ ಕಮಾನು ಬಂತು. ಚರಂಡಿ ಮಾತ್ರ ಬರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಮಾತು ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಎರಡು ಮಳೆಗಾಲ ಬಸ್ ನಿಲ್ದಾಣದಲ್ಲಿ ಮೊಣಕಾಲುದ್ದ ನೀರು ನಿಂತ ಮೇಲೆ, ಬೆಳೆಯುವ ಊರಿಗೊಬ್ಬ ಹಿರಿಯ ಇಂಜಿನಿಯರ್ ಬೇಕು ಎಂಬುದು ದೊಡ್ಡವರ ತಲೆಗೆ ಹೊಳೆಯಿತು. "ಅನುಭವ ಮತ್ತು ದೂರದೃಷ್ಟಿಯುಳ್ಳವರು ಬೇಕಾಗಿದ್ದಾರೆ" ಎಂದು ಪತ್ರಿಕೆಯಲ್ಲಿ ಅರ್ಧ ಪುಟದ ಜಾಹೀರಾತು. ಅದರಲ್ಲಿ ಮುಕ್ಕಾಲು ಭಾಗ ಮೇಯರರ ಫೋಟೊ. ಸಂದರ್ಶನ ಮಾತ್ರ ಹೈದರಾಬಾದಿನ ಕೂಕಟ್‌ಪಲ್ಲಿಯ ಒಂದು ಹೋಟೆಲಿನಲ್ಲಿ. ದೇವಗುಂಟಕ್ಕೇ ಕರೆಸಿದರೆ, ಊರು ನೋಡಿದವರು ಅದೇ ಬಸ್ಸಿನಲ್ಲಿ ತಿರುಗಿ ಹೋದಾರು ಎಂಬಷ್ಟು ದೂರದೃಷ್ಟಿ ಮೇಯರರಿಗೂ ಇತ್ತು.

ಅದೇ ಹೈದರಾಬಾದಿನ ತಾರ್ನಾಕದಲ್ಲಿ, ಮೂರನೇ ಮಹಡಿಯ ಮನೆಯೊಂದರಲ್ಲಿ ಆ ಜಾಹೀರಾತನ್ನು ಕತ್ತರಿಸಿ ಇಟ್ಟುಕೊಂಡವಳು ವಿಜಯಶ್ರೀ. ಬೀದರ ಕಡೆಯ ಹೆಣ್ಣು. ಮದುವೆಯಾಗಿ ಹೈದರಾಬಾದಿಗೆ ಬಂದು, ಮಳೆನೀರಿನ ಚರಂಡಿ ಕಟ್ಟಿಸುವ ಸರ್ಕಾರಿ ನೌಕರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಸವೆಸಿದ್ದಳು. ನಕ್ಷೆ ಅವಳದು, ಅಳತೆ ಅವಳದು, ಸೀರೆಗೆ ಹತ್ತಿದ ಕೆಸರೂ ಅವಳದೇ. ಸಹಿ ಮಾತ್ರ ಯಾವಾಗಲೂ ಮೇಲಿನವರದು. ಆ ಮೇಲಿನವರಲ್ಲಿ ಹೆಚ್ಚು ಕಾಲ ಅವಳ ತಲೆಯ ಮೇಲೆ ಕೂತವನು ಕಲಬುರಗಿಯ ಆನಂದಕುಮಾರ. ಕೋಲೆ ಬಸವನ ಹಾಗೆ, ಯಾರು ಏನು ಕೇಳಿದರೂ ತಲೆಯಾಡಿಸಿ ಸಹಿ ಹಾಕುತ್ತಿದ್ದ. "ಮೊದಲ ಕುರ್ಚಿ ಗಟ್ಟಿ ಮಾಡ್ಕೋಬೇಕವ್ವಾ, ಕೆಲಸ ಆಮ್ಯಾಲ" ಎಂಬುದು ಅವನ ಉಪದೇಶ. ಕುರ್ಚಿಯೇನೋ ಗಟ್ಟಿಯಾಯಿತು, ಕೆಲಸ ಬರುವಷ್ಟರಲ್ಲಿ ಮುದುಕ ನಿವೃತ್ತನಾದ ಎಂದು ಅವಳು ಮನೆಯಲ್ಲಿ ಅವನನ್ನು ಆಡಿಕೊಳ್ಳದ ದಿನವಿರಲಿಲ್ಲ.

ಅವಳಿಗಿದ್ದದ್ದು ಒಂದೇ ಆಸೆ. ನೌಕರಿ ಮುಗಿಯುವುದರೊಳಗೆ ಒಂದು ಊರಿನ ನೀರಾದರೂ ತನ್ನ ಸಹಿಯಿಂದ ಹರಿಯಬೇಕು. ಅದಕ್ಕಾಗಿ, ಕೆಲಸ ಸಿಕ್ಕರೆ ಇದ್ದ ಸರ್ಕಾರಿ ನೌಕರಿಗೆ ಸ್ವಯಂ ನಿವೃತ್ತಿ ಬರೆದುಕೊಡಲೂ ತಯಾರಾಗಿದ್ದಳು. ಅತ್ತೆ ಶಾರದಾಬಾಯಿ ಅವಳಿಗಿಂತ ಒಂದು ಹೆಜ್ಜೆ ಮುಂದೆ.

"ಬೇಗಂ ಬಜಾರಿನಾಗ ಹಿತ್ತಾಳಿ ಪಾಟಿ ಮಾಡಸಾಕ ಹಾಕೀನಿ. ಮ್ಯಾಲ ನಿನ್ನ ಹೆಸರ, ಕೆಳಗ ನಗರ ಇಂಜಿನಿಯರ್, ದೇವಗುಂಟ."

"ಮೊದಲ ಕೆಲಸ ಸಿಗಲಿ ಅತ್ತಿ!"

"ಪಾಟಿ ಮಾಡಿಸಿಟ್ರ ಕೆಲಸ ತಾನ ಹುಡಿಕ್ಯಾಡಕೋತ ಬರತೈತಿ. ನೀ ಸುಮ್ಮನಿರ."

ಕಾಗದ ಬಿಚ್ಚುವ ಮುಂಚೆ ನೆಲ ನೋಡಬೇಕು ಎಂಬುದು ವಿಜಯಶ್ರೀಯ ಹಟ. ಅರ್ಜಿ ಹಾಕಿದವರಿಗೆಲ್ಲ ಪಾಲಿಕೆಯವರು ದಪ್ಪನೆಯ ಒಂದು ವರದಿ ಕಳಿಸಿದ್ದರು. ಅದನ್ನು ಚೀಲದಲ್ಲಿಟ್ಟುಕೊಂಡು, ಸಂದರ್ಶನದ ಹಿಂದಿನ ಭಾನುವಾರ ಬಸ್ಸು ಹತ್ತಿ ದೇವಗುಂಟಕ್ಕೆ ಹೋದಳು. ಊರ ನೀರೆಲ್ಲ ಕೆರೆಗೆ ಹೋಗಬೇಕು, ಹೋಗುತ್ತಿಲ್ಲ, ಅಷ್ಟೇ ಕಥೆ. ಕೆರೆಯ ಏರಿಯ ಬಳಿ ಹಳೆಯ ಕಲ್ಲುಚರಂಡಿಯ ಬಾಯಿ ಹೂಳು, ಪ್ಲಾಸ್ಟಿಕ್ಕು, ಒಡೆದ ಮನೆಗಳ ಇಟ್ಟಿಗೆಯಿಂದ ತುಂಬಿಹೋಗಿತ್ತು. ಅದರಿಂದ ನಾಲ್ಕು ಮಾರು ದೂರದಲ್ಲಿ, ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಬೀಳುವ ಕೋಡಿ. ನಡುವೆ ಮಿರಮಿರ ಮಿಂಚುವ ಗ್ರಾನೈಟಿನ ಕಟ್ಟೆ, ಕಟ್ಟೆಯ ಮೇಲೆ ಅರಿಸಿನ ಬಳಿದ ಕಲ್ಲು. ಕೆರೆ ಕಾಯುವ ಕಟ್ಟ ಮೈಸಮ್ಮ.

ಕಟ್ಟೆ ಗುಡಿಸುತ್ತಿದ್ದ ಹೆಂಗಸು ಆಡನ್ನು ಓಡಿಸುತ್ತ ಬೈದದ್ದು ಅಪ್ಪಟ ಯಾದಗಿರಿಯ ಕನ್ನಡದಲ್ಲಿ. ಮಾತು ಬೆಳೆಯಲು ಅಷ್ಟು ಸಾಕಾಯಿತು. ಅವಳು ಪಾರ್ವತೆಮ್ಮ. ಗಂಡ ಮೌನಪ್ಪ ಗೌಂಡಿ, ಗಾರೆ ಕೆಲಸದವ. ಏರಿಯ ಕೆಳಗಿನ ಇಪ್ಪತ್ತು ತಗಡಿನ ಗುಡಿಸಲುಗಳಲ್ಲಿ ಒಂದು ಅವರದು.

"ಕೈ ಮುಗೀರಿ ಅಕ್ಕಾರ, ಭಾಳ ಜಾಗೃತ ದೇವಿ. ಮೈಮ್ಯಾಗ ತ್ರಿಶೂಲ ತಾನ ಮೂಡೇತಿ ನೋಡ್ರಿ."

ವಿಜಯಶ್ರೀ ಬಗ್ಗಿ ನೋಡಿದಳು. ಅರಿಸಿನದ ಅಡಿಯಲ್ಲಿ ಒಂದು ಅಡ್ಡಗೆರೆ, ಅದಕ್ಕೆ ಕೆಳಗಿನಿಂದ ತಾಗಿದ ಮೂರು ಗೆರೆಯ ಬಾಣ. ತ್ರಿಶೂಲವೂ ಅಲ್ಲ, ಏನೂ ಅಲ್ಲ. ಹಳೆಯ ಕಾಲದ ಸರ್ವೆಯವರು ಕೊರೆದ ಗುರುತು. ಈ ಜಾಗ ಸಮುದ್ರಕ್ಕಿಂತ ಎಷ್ಟು ಎತ್ತರ ಎಂದು ಹೇಳುವ ಕಲ್ಲು ಅದು. ಊರಿನಲ್ಲಿ ಯಾವ ಎತ್ತರ ಅಳೆಯಬೇಕಾದರೂ ಇಲ್ಲಿಂದಲೇ ಶುರು ಮಾಡಬೇಕು.

"ಈ ಕಟ್ಟಿ ಯಾವಾಗ ಕಟ್ಟಿದ್ರು ಪಾರ್ವತೆಮ್ಮ?"

"ಹೋದ ವರ್ಷ ರೀ. ಮೇಯರ್ ಸಾಹೇಬ್ರು ಹರಕಿ ಹೊತ್ತಿದ್ರು. ನಮ್ಮ ಮನಿಯವ್ರ ಕಟ್ಟಿದ್ರು. ದೇವಿ ನೆಲದಾಗ ಹುಗಿದಿದ್ಲು, ಕಿತ್ತಿ ಮೂರಡಿ ಮ್ಯಾಲ ಕುಂದ್ರಿಸಿದ್ರು."

ವಿಜಯಶ್ರೀ ಅಲ್ಲೇ ಕೂತು ವರದಿ ಬಿಚ್ಚಿದಳು. ಓದುತ್ತ ಓದುತ್ತ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಳು. ವರದಿ ಬರೆದ ಮಹಾಶಯರು ಕೋಡಿಯ ಎತ್ತರವನ್ನು ನೀರಾವರಿಯ ಹಳೆಯ ದಾಖಲೆಯಿಂದ ಎತ್ತಿ ಬರೆದಿದ್ದರು. ಚರಂಡಿಯ ಎತ್ತರವನ್ನು ಮಾತ್ರ ಈ ಕಲ್ಲಿನಿಂದ ಅಳೆಸಿದ್ದರು. ಕಲ್ಲು ಮೂರಡಿ ಮೇಲೇರಿದ್ದು ಗೊತ್ತಿಲ್ಲದೆ, ಅದರ ಹಳೆಯ ಎತ್ತರದಿಂದಲೇ ಕೆಳಕ್ಕೆ ಎಣಿಸಿದ್ದರಿಂದ ಕಾಗದದ ಮೇಲೆ ಚರಂಡಿ ಮೂರಡಿ ಕೆಳಗಿಳಿದಿತ್ತು. ಚರಂಡಿ ಕೋಡಿಗಿಂತ ಒಂದೂವರೆ ಅಡಿ ಕೆಳಗಿದೆಯಂತೆ! ಆದ್ದರಿಂದ ನೀರು ತಾನಾಗಿ ಹರಿಯುವುದಿಲ್ಲವಂತೆ, ಕೋಟಿಗಟ್ಟಲೆ ಸುರಿದು ಪಂಪ್‌ಹೌಸ್ ಕಟ್ಟಿ ಮೇಲೆತ್ತಬೇಕಂತೆ! ನಿಜದಲ್ಲಿ ಚರಂಡಿ ಕೋಡಿಗಿಂತ ಒಂದೂವರೆ ಅಡಿ ಮೇಲೇ ಇತ್ತು. ಹೂಳು ತೆಗೆಸಿದರೆ ನೀರು ಯಾರ ಹಂಗೂ ಇಲ್ಲದೆ ಕೆರೆಗೆ ಬೀಳುತ್ತಿತ್ತು. ಕಾರಿನಿಂದ ಇಳಿದು ಹತ್ತು ಹೆಜ್ಜೆ ನಡೆದಿದ್ದರೆ ಕುರುಡನಿಗೂ ತಿಳಿಯುತ್ತಿತ್ತು. ಕೊನೆಯ ಪುಟದಲ್ಲಿ ಸಲಹೆಗಾರರ ಸಹಿ ನೋಡಿದಳು. ಆನಂದಕುಮಾರ.

"ಆ ಪಂಪಿನ ಮನಿ ನಮ್ಮ ಗುಡಸಲ ಇದ್ದಲ್ಲೇ ಬರತೈತಂತ್ರಿ" ಎಂದಳು ಪಾರ್ವತೆಮ್ಮ. "ದಸರಾಕ್ಕ ಎಲ್ಲಾರ್ನೂ ಎಬ್ಬಸ್ತಾರಂತ. ನೀವು ಕಲತಾವ್ರು, ಒಂದ ಮಾತ ಹೇಳ್ರಿ ಅವ್ರಿಗೆ."

"ಹೇಳ್ತೀನಿ" ಎಂದಳು ವಿಜಯಶ್ರೀ. ಆಗ ಆ ಮಾತು ಬಹಳ ಸುಲಭವಾಗಿ ಬಂತು.

ಕೂಕಟ್‌ಪಲ್ಲಿಯ ಹೋಟೆಲಿನ ತಣ್ಣನೆಯ ಕೋಣೆಯಲ್ಲಿ ಮೇಯರ್ ನಡುವೆ ಕೂತಿದ್ದರು. ಎಡಕ್ಕೆ ಇಬ್ಬರು ಕಾರ್ಪೊರೇಟರುಗಳು ಗೋಡಂಬಿ ತಿನ್ನುತ್ತಿದ್ದರು. ಬಲಕ್ಕೆ, ಪರಿಣತ ಸದಸ್ಯನೆಂದು, ಅದೇ ಆನಂದಕುಮಾರ! ಕಳ್ಳನ ಕೈಗೆ ಬೀಗದ ಕೈ ಕೊಡುವುದೆಂದರೆ ಇದು. ಇಂಜಿನಿಯರ್ ಬೇಕೆಂದು ಅರ್ಧ ಪುಟ ಅರಚಿಕೊಂಡವರು ಇಂಜಿನಿಯರಿಗೆ ಕೇಳಿದ್ದೇನು? ದೇವಗುಂಟದಲ್ಲಿ ಮನೆ ಮಾಡುತ್ತೀರಾ, ಗಂಡ ಒಪ್ಪಿದ್ದಾರಾ, ಜಾತಕ ತಂದಿದ್ದೀರಾ. ಕೆರೆಯ ಹೆಸರನ್ನು ಕೂಡ ಒಬ್ಬರೂ ಎತ್ತಲಿಲ್ಲ. ಹೆಣ್ಣುಮಗಳಿಗೆ ಕೆಸರಿನಲ್ಲಿ ನಿಲ್ಲಲಾದೀತೇ ಎಂದು ಮೇಯರ್ ತೆಲುಗಿನಲ್ಲಿ ಕೇಳಿದರು.

"ನಿಂತೇ ಇಪ್ಪತ್ತೊಂಬತ್ತು ವರ್ಷವಾಯಿತು" ಎಂದಳು ಅವಳೂ ತೆಲುಗಿನಲ್ಲೇ.

ಕೊನೆಗೆ ಆನಂದಕುಮಾರ ಕನ್ನಡಕ ಒರೆಸುತ್ತ ಕನ್ನಡದಲ್ಲೇ ಕೇಳಿದ. "ಪಂಪ್‌ಹೌಸಿನ ವರದಿ ಓದೀರಿಲ್ಲೋ? ಏನಂತೀರಿ?"

ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಲ್ಲು, ಕಟ್ಟೆ, ಮೂರಡಿ. ಮೂರೇ ಮಾತು. ಹೇಳಿದರೆ ಈ ಕುರ್ಚಿ ಇಲ್ಲ, ಎಂದೆಂದಿಗೂ ಇಲ್ಲ. ಸುಮ್ಮನಿದ್ದು ಒಳಗೆ ಸೇರಿಕೊಂಡರೆ ಪೆನ್ನು ತನ್ನ ಕೈಯಲ್ಲಿರುತ್ತದೆ, ಆಮೇಲೆ ಎಲ್ಲ ಸರಿಮಾಡಬಹುದು.

"ಓದೀನಿ ಸರ್. ಯೋಜನೆ ಸರಿ ಐತಿ" ಎಂದಳು.

ಆನಂದಕುಮಾರ ತಲೆಯಾಡಿಸಿದ. ಮೇಯರ್ ತಲೆಯಾಡಿಸಿದರು. ಗೋಡಂಬಿಯವರೂ ಆಡಿಸಿದರು. ಮೆಟ್ರೊ ಹತ್ತಿ ಮನೆಗೆ ಹೊರಟಾಗಷ್ಟೇ ವಿಜಯಶ್ರೀಗೆ ಹೊಳೆದದ್ದು: ಮೊದಲು ಕುರ್ಚಿ, ಆಮೇಲೆ ಕೆಲಸ. ಇಷ್ಟು ವರ್ಷ ಯಾವ ಮಾತಿಗೆ ನಗುತ್ತ ಬಂದಿದ್ದಳೋ ಅದನ್ನೇ ಇವತ್ತು ತಾನು ಮಾಡಿ ಬಂದಿದ್ದಳು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಆದರೂ ಎರಡು ವಾರಕ್ಕೆ ನೇಮಕದ ಪತ್ರ ಬಂದಾಗ ಸಂತೋಷವೂ ಆಯಿತು, ಅದು ಸುಳ್ಳಲ್ಲ.

ಇದ್ದ ನೌಕರಿ ಬಿಟ್ಟು ದೇವಗುಂಟಕ್ಕೆ ಹೋದ ಮೊದಲ ದಿನ ಅವಳನ್ನು ಕಚೇರಿಗೆ ಕರೆದೊಯ್ಯಲಿಲ್ಲ. ನೇರ ಕೆರೆಯ ಏರಿಗೆ ಕರೆದೊಯ್ದರು. ಹೊಸ ಇಂಜಿನಿಯರ್ ಕೈಯಿಂದ ಮೈಸಮ್ಮನಿಗೆ ತೆಂಗಿನಕಾಯಿ, ಆಮೇಲೆ ಅದೇ ಕಟ್ಟೆಯ ಮೇಲೆ ಪಂಪ್‌ಹೌಸಿನ ಫೈಲಿಗೆ ಶುಭ ಸಹಿ. ಇದು ಮೇಯರರು ಹಾಕಿದ ಹೊಸ ಸಂಪ್ರದಾಯ. ಬ್ಯಾಂಡು, ಹಾರ, ಮೊಬೈಲು ಎತ್ತಿ ಹಿಡಿದ ಇನ್ನೂರು ಜನ. ಅಷ್ಟಾದ ಮೇಲೆ ಮೇಯರ್ ಘೋಷಿಸಿಬಿಟ್ಟರು: ಇಂಥ ಇಂಜಿನಿಯರ್ ಸಿಕ್ಕ ಖುಷಿಗೆ ಬರುವ ತಿಂಗಳು ಅಮ್ಮನನ್ನು ಇನ್ನೂ ಎರಡಡಿ ಮೇಲೆ ಕೂರಿಸುತ್ತೇವೆ!

ಜನ ಜೈ ಎಂದರು. ಇವರು ಹೀಗೇ ಏರಿಸುತ್ತ ಹೋದರೆ ಕಾಗದದ ಮೇಲೆ ಇಡೀ ಊರು ಒಂದು ದಿನ ಪಾತಾಳ ಸೇರುತ್ತದೆ ಎಂದುಕೊಂಡಳು ವಿಜಯಶ್ರೀ. ನಗು ಮಾತ್ರ ಬರಲಿಲ್ಲ. ಹಾರದ ತಟ್ಟೆ ಹಿಡಿದು ಎದುರಿಗೆ ನಿಂತವಳು ಪಾರ್ವತೆಮ್ಮ.

"ಹೇಳ್ತೀನಿ ಅಂದಿದ್ರಿ ಅಕ್ಕಾರ" ಎಂದಳು, ಮೆಲ್ಲಗೆ. ಸಿಟ್ಟಿರಲಿಲ್ಲ ಆ ದನಿಯಲ್ಲಿ. "ಮರತ್ರೋ ಏನೋ ಅಂತ ಕೇಳಿದೆ. ದಸರಾ ಬಂತಲ್ರಿ, ನಾಳಿ ಗುಡಸಲ ಬಿಚ್ಚಬೇಕಂತ ಹೇಳಿ ಹೋಗ್ಯಾರ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ವಿಜಯಶ್ರೀ ಸಹಿಗೆಂದು ತೆರೆದಿದ್ದ ಪೆನ್ನಿನ ಮುಚ್ಚಳ ಹಾಕಿದಳು.

"ಮೌನಪ್ಪನ ಕಡೆ ನೀರಿನ ಪೈಪ್ ಐತೇನು? ಲೆವೆಲ್ ನೋಡೂದು?"

ಐತಿ ಎಂದಳು ಪಾರ್ವತೆಮ್ಮ. ಗೌಂಡಿಯ ಮನೆಯಲ್ಲಿ ಅನ್ನವಿಲ್ಲದ ದಿನವೂ ಆ ಪೈಪು ಇರುತ್ತದೆ. ತೆಳ್ಳಗಿನ ಪಾರದರ್ಶಕ ಕೊಳವೆ. ನೀರು ತುಂಬಿ ಎರಡು ತುದಿ ಎರಡು ಕಡೆ ಹಿಡಿದರೆ, ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅದಕ್ಕೆ ದೇವರ ಕಲ್ಲೂ ಬೇಡ, ಸರ್ವೆಯ ಕಲ್ಲೂ ಬೇಡ. ಮೌನಪ್ಪ ಒಂದು ತುದಿಯನ್ನು ಕೋಡಿಯ ನೆತ್ತಿಗೆ ಹಿಡಿದ. ವಿಜಯಶ್ರೀ ಹಾರ ಹಾಕಿಕೊಂಡೇ ಚರಂಡಿಯ ಕೆಸರಿಗೆ ಇಳಿದು ಇನ್ನೊಂದು ತುದಿಯನ್ನು ಚರಂಡಿಯ ಬಾಯಿಯ ಕೆಳಗಿನ ಕಲ್ಲುಗೋಡೆಗೆ ಹಿಡಿದಳು. ಕೊಳವೆಯ ನೀರು ಒಂದಿಷ್ಟು ತೂಗಾಡಿ ನಿಂತಿತು. ಚರಂಡಿಯ ತಳಕ್ಕಿಂತ ಎರಡು ಗೇಣು ಕೆಳಗೆ.

"ಕೆರೆ ತುಂಬಿ ಕೋಡಿ ಬಿದ್ದರೂ ನೀರು ನಿಲ್ಲುವುದು ಇಲ್ಲಿ" ಎಂದಳು ತೆಲುಗಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ. "ಚರಂಡಿ ಇರುವುದು ಮೇಲೆ. ಪಂಪು ಯಾಕೆ?"

ಇನ್ನೂರು ಮೊಬೈಲು ಕೊಳವೆಯ ಕಡೆ ತಿರುಗಿದವು. ಬ್ಯಾಂಡಿನವನೊಬ್ಬ ಬಗ್ಗಿ ನೋಡಿ, ಹೌದು ಸರ್, ಕೆಳಗೇ ಇದೆ ಎಂದುಬಿಟ್ಟ. ಸುಳ್ಳು ಹೇಳಲು ಅವನಿಗೆ ಯಾರೂ ಸಂಬಳ ಕೊಟ್ಟಿರಲಿಲ್ಲ.

ವಿಜಯಶ್ರೀ ಮೇಲೆ ಬಂದು, ಕೆಸರು ಕೈಯಲ್ಲೇ ಫೈಲು ತೆರೆದು ಬರೆದಳು. ಗುರುತಿನ ಕಲ್ಲು ಮೂರಡಿ ಮೇಲೇರಿದೆ, ಅಳತೆ ತಪ್ಪು, ಪಂಪ್‌ಹೌಸ್ ಬೇಡ, ಹೂಳು ತೆಗೆಸಿದರೆ ಸಾಕು. ಆಮೇಲೆ ಇನ್ನೊಂದು ಸಾಲು ಸೇರಿಸಿದಳು: "ಇದು ಸಂದರ್ಶನದ ದಿನವೇ ನನಗೆ ಗೊತ್ತಿತ್ತು, ಹೇಳಲಿಲ್ಲ." ಅದರ ಕೆಳಗೆ ಪೂರ್ತಿ ಹೆಸರಿನ ಸಹಿ ಹಾಕಿದಳು.

ಜನ ಕಣ್ಣಾರೆ ಕಂಡದ್ದನ್ನು ಇಲ್ಲವೆನ್ನಲಾದೀತೇ? ಪಂಪ್‌ಹೌಸಿನ ಯೋಜನೆ ಬಿದ್ದುಹೋಯಿತು, ಗುಡಿಸಲುಗಳು ಉಳಿದವು. ಮೈಸಮ್ಮನ ಕೃಪೆ ಮತ್ತು ಮೇಯರರ ಜಾಗರೂಕತೆಯಿಂದ ಕೋಟಿಗಳು ಉಳಿದವು ಎಂದು ಪತ್ರಿಕೆಯಲ್ಲಿ ಬಂತು. ಆ ಫೈಲಿನಲ್ಲಿ ಮೇಯರ್ ಮನಸ್ಸಿಟ್ಟು ಓದಿದ್ದು ಕೊನೆಯ ಸಾಲೊಂದನ್ನೇ. ಸಂದರ್ಶನದಲ್ಲಿ ಸತ್ಯ ಮುಚ್ಚಿಟ್ಟ ಕಾರಣಕ್ಕೆ ನಗರ ಇಂಜಿನಿಯರನ್ನು ತೆಗೆದುಹಾಕಲಾಗಿದೆ ಎಂಬ ಪತ್ರ ಹದಿನೈದನೆಯ ದಿನ ತಾರ್ನಾಕಕ್ಕೆ ಬಂತು. ತಪ್ಪು ವರದಿ ಬರೆದ ಆನಂದಕುಮಾರನನ್ನು, ಹೊಸಬರು ಸಿಗುವ ತನಕ, ಅದೇ ಕುರ್ಚಿಯಲ್ಲಿ ಕೂರಿಸಿದರು.

ಅವತ್ತೇ ಅವನು ಫೋನ್ ಮಾಡಿದ. ದನಿಯಲ್ಲಿ ನಿಜವಾದ ಮರುಕವಿತ್ತು, ಅದೇ ಹೆಚ್ಚು ಕೆರಳಿಸುವಂಥದ್ದು.

"ಆ ಕಡೀ ಸಾಲ ಒಂದ ಬರೀದಿದ್ರ ನಿನ್ನ ಯಾರೂ ಮುಟ್ಟತಿರಲಿಲ್ಲವ್ವಾ. ಯಾಕ ಬರದಿ?"

"ಮ್ಯಾಲಿನ ಸಾಲ ಯಾರಾದ್ರೂ ಬರೀತಿದ್ರು ಸರ್" ಎಂದಳು ವಿಜಯಶ್ರೀ. "ನಾ ಸಹಿ ಮಾಡಿದ್ದು ಆ ಕಡೀ ಸಾಲಿಗೆ."

ಫೋನಿಟ್ಟು ತಿರುಗಿದರೆ ಶಾರದಾಬಾಯಿ ಹಿತ್ತಾಳೆಯ ಪಾಟಿಯನ್ನು ಮಡಿಲಲ್ಲಿಟ್ಟುಕೊಂಡು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಗೋಡೆಯ ಮೇಲೆ ಒಂದು ದಿನವೂ ಏರದೆ ಇದ್ದ ಪಾಟಿ.

"ಬಿಸಾಕ್ರಿ ಅತ್ತಿ ಅದನ್ನ."

"ಯಾಕ ಬಿಸಾಕಲಿ? ಬೇಗಂ ಬಜಾರಿನಾವ್ನಿಗೆ ಕೇಳೀನಿ. ಕೆಳಗಿನ ಸಾಲ ಕೆರದ ಕೊಡ್ತಾನಂತ" ಎಂದಳು ಮುದುಕಿ, ತಿಕ್ಕುವುದನ್ನು ನಿಲ್ಲಿಸದೆ. "ಹೆಸರ ಹಂಗ ಇರತೈತಿ."